ಸೀಗಿ ಹುಣ್ಣಿಮೆಯ ಹನುಮನಹಳ್ಳಿ

ತುಂಗಭದ್ರೆಯ ಎಡದಂಡೆಯ ಸೊಬಗನ್ನು ಕಾಣಬೇಕೆನ್ನುವವರು ಶರದೃತುವಿನಲ್ಲಿ ಹೋಗಬೇಕು. ಮಳೆಗಾಲದ ಕೆಂಪು ನೀರು ತಿಳಿಯಾಗಿರುತ್ತದೆ. ಬೇಸಿಗೆಯಲ್ಲಿ ಕಾದ ಹೆಂಚಿನಂತೆ ಸುಡುವ ಕರಿಬಂಡೆಗಳು ತಣಿದಿರುತ್ತವೆ. ಗಂಗಾವತಿಯಿಂದ ಆನೆಗೊಂದಿಯ ಮಾರ್ಗವಾಗಿ ಸುಮಾರು 15 ಕಿಲೋಮೀಟರು ಸಾಗಿದರೆ ಹನುಮನಹಳ್ಳಿ ಸಿಗುತ್ತದೆ. ಒಂದು ಕಡೆ ಗುಂಡುಗಳ ಮೇಲೆ ಗುಂಡುಗಳನ್ನು ಯಾರೋ ಆಡುತ್ತಾಡುತ್ತ ಪೇರಿಸಿಟ್ಟಂತಿರುವ ಬೆಟ್ಟಗಳು. ಇನ್ನೊಂದು ಕಡೆ ತೆನೆ ಹೊರಡುತ್ತಿರುವ ಭತ್ತದ ಗದ್ದೆ, ಬಾಳೆಯ ತೋಟ, ನಡುನಡುವೆ ತೆಂಗು. ಭೂಗರ್ಭಶಾಸ್ತ್ರಜ್ಞರು ಈ ಬಂಡೆಗಳ ವಯಸ್ಸನ್ನು ಸುಮಾರು 250 ಕೋಟಿ ವರ್ಷಗಳೆಂದು ಹೇಳುತ್ತಾರೆ. ಅಷ್ಟು ಹಳೆಯ ಕಲ್ಲಿನ ಬುಡದಲ್ಲಿ ಪ್ರತಿ ವರ್ಷವೂ ಹೊಸದಾಗಿ ಹಸಿರೇಳುವ ಪೈರನ್ನು ಕಂಡಾಗ ಮನಸ್ಸಿಗೆ ಒಂದು ಬಗೆಯ ಸಮಾಧಾನವುಂಟಾಗುತ್ತದೆ.

ಊರಿನ ನೆತ್ತಿಯ ಮೇಲೆ ಅಂಜನಾದ್ರಿ. 575 ಮೆಟ್ಟಿಲುಗಳನ್ನೇರಿ ಹನುಮಂತನ ದರ್ಶನ ಪಡೆಯಲು ನಾಡಿನ ಮೂಲೆಮೂಲೆಗಳಿಂದ ಭಕ್ತರು ಬರುತ್ತಾರೆ. ಸಮೀಪದಲ್ಲಿಯೇ ಋಷ್ಯಮೂಕವೆಂದು ಜನ ನಂಬಿರುವ ಬೆಟ್ಟ, ಪಂಪಾ ಸರೋವರ. ನದಿಯಾಚೆ ವಿರೂಪಾಕ್ಷನ ಗೋಪುರ. ನಮ್ಮ ವಾಚಕರಿಗೆ ಆಚೆಯ ದಂಡೆ ಬರಿಯ ಹಾಳು ಪಟ್ಟಣವಲ್ಲ. ಹಂಪೆಯ ಹರಿಹರ ಶರಣರ ಚರಿತೆಗಳನ್ನು ರಗಳೆಗಳಲ್ಲಿ ಬರೆದುದು ಆ ವಿರೂಪಾಕ್ಷನ ಸನ್ನಿಧಿಯಲ್ಲಿ. 1424ರಿಂದ 1446ರವರೆಗೆ ಆಳಿದ ಪ್ರೌಢದೇವರಾಯನ ಕಾಲದಲ್ಲಿ ಚಾಮರಸ, ಲಕ್ಕಣ್ಣ ದಂಡೇಶ ಮೊದಲಾದವರು ಶರಣ ಸಾಹಿತ್ಯಕ್ಕೆ ಮರುಜೀವ ಕೊಟ್ಟುದೂ ಅಲ್ಲಿಯೇ. ಆನೆಗೊಂದಿಯಲ್ಲಿ ನದಿಯ ಸಮೀಪದ ಹುಚ್ಚಪ್ಪಯ್ಯನ ಮಠದ ನುಣುಪಾದ ಕರಿಗಲ್ಲಿನ ಕಂಬಗಳನ್ನು ಕಂಡವರಿಗೆ ಈ ದಂಡೆಗೂ ಆ ಪರಂಪರೆಗೂ ಇರುವ ನಂಟು ಅರಿವಾಗದಿರದು.

ಇದೆಲ್ಲವೂ ಪ್ರವಾಸಿಗರ ಕೈಪಿಡಿಗಳಲ್ಲಿ ಸಿಗುವ ಸಂಗತಿಯೇ. ನಾವು 2024ರ ಆಶ್ವಯುಜ ಮಾಸದಲ್ಲಿ ಹನುಮನಹಳ್ಳಿಗೆ ಹೋದುದು ಬೇರೊಂದು ನಿಮಿತ್ತದಿಂದ. ಯಲಬುರ್ಗಾ ಸೀಮೆಯ ಒಂದು ಸಣ್ಣ ಪ್ರಸಾದ ನಿಲಯದ ಮಕ್ಕಳು ದಸರಾ ರಜೆಯಲ್ಲಿ ಮೂರು ದಿನ ಅಲ್ಲಿ ತಂಗುವವರಿದ್ದರು. ಒಟ್ಟು ಮೂವತ್ತೆಂಟು ಮಕ್ಕಳು. ಅವರ ಮೇಲ್ವಿಚಾರಕರಾದ ತರುಣ ಮಾಸ್ತರರು, “ಹಿರಿಯರೊಬ್ಬರು ಜೊತೆಗಿದ್ದು ಸಂಜೆ ನಾಲ್ಕು ಮಾತು ಹೇಳಿದರೆ ಮಕ್ಕಳಿಗೆ ಒಳಿತು” ಎಂದು ಕರೆದರು. ಹನುಮನಹಳ್ಳಿಯ ಹೆಸರನ್ನು ಕೇಳಿದೊಡನೆ ನಾವು ಒಪ್ಪಿಕೊಂಡೆವು. ಆ ಊರಿನಲ್ಲಿ ನಮಗೆ ತೀರಿಸಬೇಕಾದ ಒಂದು ಹಳೆಯ ಋಣವಿತ್ತು. ಅದನ್ನು ಮುಂದೆ ಹೇಳುತ್ತೇವೆ.

ಮಕ್ಕಳ ದಿನಚರಿಯನ್ನು ಮೊದಲು ಅರಿಕೆ ಮಾಡುವೆವು. ಬೆಳಗಿನ ಐದು ಗಂಟೆಗೆ ಗಂಟೆ ಬಾರಿಸುವವನು ಮಾಸ್ತರನಲ್ಲ, ಆ ವಾರದ ಪಾಳಿಯ ಹುಡುಗ. ನದಿಯ ಸೆಳವು ಮೋಸದ್ದಾದುದರಿಂದ ಯಾರಿಗೂ ನೀರಿಗಿಳಿಯಲು ಅಪ್ಪಣೆಯಿರಲಿಲ್ಲ. ತಂಗಿದ್ದ ಕಡೆಯ ನಲ್ಲಿಯಲ್ಲಿಯೇ ಸ್ನಾನ. ಅನಂತರ ಲಿಂಗವಿದ್ದವರು ಲಿಂಗಪೂಜೆಗೆ ಕುಳಿತರು; ಇಲ್ಲದವರು ಸುಮ್ಮನೆ ಕಣ್ಣು ಮುಚ್ಚಿ ಕುಳಿತರು. ಇವರಲ್ಲಿ ಎಲ್ಲ ಜಾತಿಯ ಮಕ್ಕಳಿದ್ದರು, ಇಬ್ಬರು ಮುಸಲ್ಮಾನರ ಮನೆಯವರು. ಹತ್ತು ನಿಮಿಷ ಒಂದು ಕೆಮ್ಮೂ ಕೇಳಲಿಲ್ಲ. ಆಮೇಲೆ ಕೆಲಸದ ಹಂಚಿಕೆ. ಕಸ ಗುಡಿಸುವವರು, ಕಾಯಿಪಲ್ಯ ಹೆಚ್ಚುವವರು, ನೀರು ತುಂಬುವವರು, ಪಾತ್ರೆ ತಿಕ್ಕುವವರು ಎಂದು ನಾಲ್ಕು ತಂಡ. ಹತ್ತನೆಯ ತರಗತಿಯ ಹುಡುಗನೂ ಐದನೆಯ ತರಗತಿಯ ಹುಡುಗನೂ ಒಂದೇ ಬಾಂಡೆಯ ಎರಡು ಬದಿಗೆ ಕುಳಿತು ತಿಕ್ಕುತ್ತಿದ್ದರು. ಮಾಸ್ತರರಿಗೂ ಒಂದು ಪಾಳಿಯಿತ್ತು. ಮೊದಲ ದಿನ ಅವರು ಸೌದೆ ಒಡೆಯುತ್ತಿದ್ದುದನ್ನು ಕಂಡು ನಾವು ಚಕಿತರಾದೆವು. ನಮ್ಮ ಕಾಲದಲ್ಲಿ ಗುರುಗಳು ಕೊಡಲಿ ಹಿಡಿದುದನ್ನು ನಾವು ಕಂಡಿರಲಿಲ್ಲ.

ಎರಡನೆಯ ದಿನ ಸಂಜೆ ಒಂದು ಸಣ್ಣ ತಂಟೆಯೆದ್ದಿತು. ಮರುದಿನ ಕೆಲವರು ಅಂಜನಾದ್ರಿಯನ್ನು ಮತ್ತೊಮ್ಮೆ ಏರಬೇಕೆಂದರು. ಕೆಲವರು ಆನೆಗೊಂದಿಯ ಗಗನಮಹಲು ನೋಡಬೇಕೆಂದರು. ಕೈಯೆತ್ತಿಸಿ ಎಣಿಸಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಮಾಸ್ತರರು ಹಾಗೆ ಮಾಡದೆ ಎಲ್ಲರನ್ನೂ ದುಂಡಗೆ ಕೂಡಿಸಿ ಒಬ್ಬೊಬ್ಬರಿಂದಲೂ ಕಾರಣ ಕೇಳಿದರು. ಕಡೆಗೆ ಕಾಲು ನೋವಾದ ಒಬ್ಬ ಸಣ್ಣ ಹುಡುಗ, “ನನಗ ಬೆಟ್ಟ ಏರಾಕ ಆಗೂದಿಲ್ಲ, ನನ್ನ ಬಿಟ್ಟು ಹೋಗಬ್ಯಾಡ್ರಿ” ಎಂದ. ಬೆಟ್ಟದ ಪಕ್ಷದವರೇ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಸೋತವರಾರೂ ಇರಲಿಲ್ಲ.

ಅದನ್ನು ಕಂಡು ನಮಗೆ ಕ್ವೇಕರರ ನೆನಪಾಯಿತು. ಆ ಸಂಜೆ ಮಕ್ಕಳಿಗೆ ಅವರ ಕಥೆಯನ್ನೇ ಹೇಳಿದೆವು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬವನಿದ್ದ. ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಬೆಳಕಿದೆ, ಆದುದರಿಂದ ನಡುವೆ ಪುರೋಹಿತ ಬೇಕಿಲ್ಲ ಎಂದು ಸಾರಿ ಆತ ಹಲವು ಸಲ ಸೆರೆಮನೆ ಸೇರಿದ. ಅವನ ಅನುಯಾಯಿಗಳು ತಮ್ಮನ್ನು ಮಿತ್ರರ ಸಂಘವೆಂದು ಕರೆದುಕೊಂಡರು. ಕ್ವೇಕರರೆಂಬುದು ಮೊದಲಿಗೆ ಜನ ಹಾಸ್ಯಕ್ಕಿಟ್ಟ ಹೆಸರು. ಅವರು ಶ್ರೀಮಂತರ ಮುಂದೆ ಟೋಪಿ ತೆಗೆಯಲೊಪ್ಪಲಿಲ್ಲ. ದೊಡ್ಡವರಿಗೊಂದು ಚಿಕ್ಕವರಿಗೊಂದು ಸಂಬೋಧನೆ ಬಳಸಲೊಪ್ಪಲಿಲ್ಲ. ಅವರ ಆರಾಧನೆಯೆಂದರೆ ಎಲ್ಲರೂ ಕೂಡಿ ಮೌನವಾಗಿ ಕುಳಿತುಕೊಳ್ಳುವುದು. ಒಳಗಿನಿಂದ ಪ್ರೇರಣೆಯಾದವರು, ಅವರು ಹೆಂಗಸಾಗಲಿ ಬಾಲಕನಾಗಲಿ, ಎದ್ದು ಮಾತನಾಡಬಹುದು. ಸಂಘದ ವ್ಯವಹಾರವನ್ನೂ ಅವರು ಮತ ಎಣಿಸಿ ತೀರ್ಮಾನಿಸುವುದಿಲ್ಲ. ಎಲ್ಲರ ಮನಸ್ಸು ಒಂದೆಡೆಗೆ ಬರುವವರೆಗೆ ಕಾಯುತ್ತಾರೆ.

ಇಂತಹವರು ಶಾಲೆ ತೆರೆದರೆ ಅದು ವಸತಿ ಶಾಲೆಯಾಗುವುದು ಸಹಜ; ಕೂಡಿ ಬಾಳುವುದೇ ಅಲ್ಲಿಯ ಮುಖ್ಯ ಪಾಠ. ಯಾರ್ಕ್‌ಶೈರಿನ ಆಕ್‌ವರ್ತ್ ಶಾಲೆ 1779ರಲ್ಲಿ ಆರಂಭವಾಯಿತು. ಹುಡುಗರನ್ನೂ ಹುಡುಗಿಯರನ್ನೂ ಮೊದಲಿನಿಂದಲೇ ಸೇರಿಸಿಕೊಂಡಿತು. ಅಮೆರಿಕದ ಓಹಾಯೋ ರಾಜ್ಯದಲ್ಲಿ 1837ರಲ್ಲಿ ಮೌಂಟ್ ಪ್ಲೆಸೆಂಟ್ ಎಂಬಲ್ಲಿ ಆರಂಭವಾಗಿ 1876ರಲ್ಲಿ ಬಾರ್ನ್ಸ್‌ವಿಲ್ಲಿಗೆ ಬಂದ ಆಲ್ನಿ ಶಾಲೆ ಬಹಳ ಚಿಕ್ಕದು. ಅದಕ್ಕೆ ಸ್ವಂತ ಹೊಲವುಂಟು. ಅಲ್ಲಿ ಮಕ್ಕಳು ಪಾಠದ ಜೊತೆಗೆ ಅಡುಗೆಮನೆಯ, ಹೊಲದ, ಕೊಟ್ಟಿಗೆಯ ಕೆಲಸಗಳನ್ನು ಪಾಳಿಯಂತೆ ಮಾಡುತ್ತ ಬಂದುದನ್ನು ನಾವು ಓದಿದ್ದೇವೆ. ಆ ಸೀಮೆಗೆ ಶರತ್ಕಾಲವೆಂದರೆ ಎಲೆಗಳು ಕೆಂಪಾಗಿ ಉದುರುವ ಕಾಲ, ಚಳಿಗಾಲಕ್ಕೆ ಧಾನ್ಯ ಕೂಡಿಡುವ ಕಾಲ. ಹೊಸದಾಗಿ ಮನೆ ಬಿಟ್ಟು ಬಂದ ಮಕ್ಕಳು ಒಬ್ಬರನ್ನೊಬ್ಬರು ಅರಿಯುವ ಕಾಲವೂ ಅದೇ.

ಭಾರತಕ್ಕೂ ಈ ಮಿತ್ರರು ದೂರದವರಲ್ಲ. 1905ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮಾರ್ಜರಿ ಸೈಕ್ಸ್ 1928ರಲ್ಲಿ ಮದರಾಸಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಬಂದರು. ಮುಂದೆ ಕ್ವೇಕರರಾದರು, ಶಾಂತಿನಿಕೇತನದಲ್ಲಿ ಕಲಿಸಿದರು, ಸೇವಾಗ್ರಾಮದಲ್ಲಿ ಗಾಂಧೀಜಿಯವರ ನಯೀ ತಾಲೀಮಿಗಾಗಿ ದುಡಿದರು, ನೀಲಗಿರಿಯ ಕೋಟಗಿರಿಯಲ್ಲಿಯೂ ಬಹುಕಾಲ ನೆಲಸಿದ್ದರು. 1995ರಲ್ಲಿ ಅವರು ತೀರಿಕೊಂಡರು. ಕೈಕೆಲಸದ ಮೂಲಕ ಕಲಿಯುವುದು, ದುಡಿದು ಉಣ್ಣುವುದು, ದಿನಕ್ಕೊಮ್ಮೆ ಮೌನದಲ್ಲಿ ಕೂಡುವುದು ಎಂಬ ಈ ಮೂರನ್ನೂ ಅವರು ಎರಡು ಸಂಪ್ರದಾಯಗಳಿಂದ ಪಡೆದು ಒಂದಾಗಿಸಿಕೊಂಡರು.

ಕಥೆ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: “ಇದು ನಮ್ಮ ಅನುಭವ ಮಂಟಪದಂಗ ಐತಲ್ರಿ ಅಜ್ಜಾರ?” ಹೌದೆಂದೆವು. ಕಾಯಕ, ದಾಸೋಹ, ಅನುಭಾವಿಗಳ ಗೋಷ್ಠಿ ಎಂಬ ಮೂರು ಮಾತುಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕೇಳಿದ ನಾಡು ನಮ್ಮದು. ಆದರೆ ಕೇಳಿದುದೆಲ್ಲ ಬಾಳಾಯಿತೇ ಎಂಬುದು ಬೇರೆ ಪ್ರಶ್ನೆ.

ನಮ್ಮ ಸಮಾಜದ ಪ್ರಸಾದ ನಿಲಯಗಳ ಇತಿಹಾಸ ನಿಜಕ್ಕೂ ಹೆಮ್ಮೆ ಪಡುವಂತಹುದು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಅವರ ಕೃಪೆಗೆ ಪಾತ್ರರಾದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ನಾದವನ್ನೂ ಕೊಟ್ಟರು. ತುಮಕೂರಿನ ಸಿದ್ಧಗಂಗೆಯಲ್ಲಿ 1930ರಲ್ಲಿ ಸಂನ್ಯಾಸ ಸ್ವೀಕರಿಸಿದ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳನ್ನು ಸಾಕಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಪ್ರಸಾದವಾದ ಮೇಲೆಯೇ ಸುದ್ದಿಯನ್ನು ಹೊರಗೆ ತಿಳಿಸಿದರು. ಅವರ ಬಾಳಿನ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಯಾವ ಪ್ರವಚನವೂ ಹೇಳಲಾರದು.

ನಮ್ಮ ಕೊಪ್ಪಳ ಸೀಮೆಗೆ ಇಂತಹ ನಿಲಯಗಳ ಅಗತ್ಯ ಇನ್ನೂ ಹೆಚ್ಚಾಗಿತ್ತು. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ರಾಜ್ಯದ ಭಾಗ. ಅದರಲ್ಲಿಯೂ ಕೊಪ್ಪಳ ಸಾಲಾರ್ ಜಂಗರ ಜಹಗೀರು. ಆಡಳಿತವೂ ಮೇಲಿನ ವಿದ್ಯೆಯೂ ಉರ್ದುವಿನಲ್ಲಿ. ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯೆಂದು ಹೆಸರಿಸಿದ ಕೊಪಣದಲ್ಲಿಯೇ ಕನ್ನಡ ಓದಲು ಮಠದ ಜಗುಲಿಯನ್ನು ಹುಡುಕಬೇಕಾಗಿತ್ತು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಶಾಲೆಗಳು ಬಂದವು. ಆದರೂ ಒಣಬೇಸಾಯದ ಊರುಗಳಿಂದ ಕೂಲಿಗೆ ಗುಳೆ ಹೋಗುವ ತಂದೆತಾಯಿಗಳ ಮಕ್ಕಳಿಗೆ ನೆಲೆಯೆಲ್ಲಿ? ಆ ಪ್ರಶ್ನೆಗೆ ಉತ್ತರವಾಗಿಯೇ ಕೊಪ್ಪಳದ ಗವಿಮಠ ಸಾವಿರಾರು ಮಕ್ಕಳಿಗೆ ಆಸರೆಯಾಗಿದೆ. 2022ರಲ್ಲಿ ಐದು ಸಾವಿರ ವಿದ್ಯಾರ್ಥಿಗಳ ವಸತಿ ನಿಲಯವನ್ನು ಕಟ್ಟುವ ಸಂಕಲ್ಪವನ್ನು ಕುರಿತು ಮಾತನಾಡುತ್ತ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಸಭೆಯಲ್ಲಿಯೇ ಕಣ್ಣೀರಿಟ್ಟುದನ್ನು ನಾಡೆಲ್ಲ ಕಂಡಿತು.

ಇಷ್ಟು ಹೆಮ್ಮೆಯನ್ನು ಹೇಳಿದ ಮೇಲೆ ಇನ್ನೊಂದನ್ನು ಹೇಳದೆ ಬಿಡುವುದು ನ್ಯಾಯವಲ್ಲ.

1972ರ ಬರಗಾಲವನ್ನು ನಮ್ಮ ಪ್ರಾಯದವರು ಮರೆತಿಲ್ಲ. ಆ ವರ್ಷ ಅನ್ನಕ್ಕಾಗಿಯೇ ಎಷ್ಟೋ ಹುಡುಗರನ್ನು ಮಠಗಳಿಗೆ ತಂದು ಬಿಟ್ಟರು. ಹನ್ನೊಂದು ವರ್ಷದ ನಮ್ಮನ್ನೂ ತಂದೆಯವರು ಒಂದು ಮಠದ ಪಾಠಶಾಲೆಯಲ್ಲಿ ಬಿಟ್ಟು ಹಿಂದಿರುಗಿ ನೋಡದೆ ಹೋದರು. ಆ ಮಠದ ಹೆಸರು ಇಲ್ಲಿ ಬೇಡ. ಅಲ್ಲಿ ನಮಗೊಬ್ಬ ಗೆಳೆಯ ದೊರೆತ. ಹನುಮನಹಳ್ಳಿಯವನು, ಹರಿಗೋಲು ಹಾಕುವವರ ಮಗ. ಅವನ ತಂದೆ ಬಿದಿರಿನ ಹರಿಗೋಲಿನಲ್ಲಿ ಈ ದಂಡೆಯ ಜನರನ್ನು ಹಂಪೆಯ ದಂಡೆಗೆ ಮುಟ್ಟಿಸುತ್ತಿದ್ದ. ಅಮರಕೋಶವನ್ನು ನಾವು ವಾರದಲ್ಲಿ ಕಲಿತರೆ ಅವನು ಎರಡು ದಿನದಲ್ಲಿ ಒಪ್ಪಿಸುತ್ತಿದ್ದ. ರಾತ್ರಿ ಮನೆಯ ನೆನಪಾಗಿ ನಾವು ಅತ್ತರೆ, ಸೆಳವಿನಲ್ಲಿ ಹರಿಗೋಲು ಬುಗುರಿಯಂತೆ ತಿರುಗುವ ಕಥೆ ಹೇಳಿ ನಗಿಸುತ್ತಿದ್ದ.

ಆದರೆ ಊಟದ ಹೊತ್ತಿಗೆ ನಾವಿಬ್ಬರೂ ಅಗಲುತ್ತಿದ್ದೆವು. ಲಿಂಗಧಾರಿಗಳ ಪಂಕ್ತಿ ಒಳಗಿನ ಪಡಸಾಲೆಯಲ್ಲಿ. ಉಳಿದವರದು ಹೊರಗೆ, ಕೊಟ್ಟಿಗೆಯ ಬದಿಯ ಕಟ್ಟೆಯಲ್ಲಿ. ಅನ್ನ ಒಂದೇ, ಸಾರು ಒಂದೇ. ನಡುವೆ ಒಂದು ಹೊಸ್ತಿಲು. ಅದೇ ಪಡಸಾಲೆಯಲ್ಲಿ ಸಂಜೆಯ ಪ್ರವಚನದಲ್ಲಿ ಅಂಬಿಗರ ಚೌಡಯ್ಯನವರ ಹಿರಿಮೆಯನ್ನು ನಾವೆಲ್ಲ ಕೇಳುತ್ತಿದ್ದೆವು. ಆ ಕಾಲದಲ್ಲಿ ನಮಗೆ ಇದರಲ್ಲಿ ವಿಪರೀತವೇನೂ ಕಾಣಿಸಲಿಲ್ಲ.

ಕಾರ್ತಿಕದ ಒಂದು ಸೋಮವಾರ. ಮಠದ ತುಂಬ ಹಣತೆಗಳು. ಹುಗ್ಗಿಯ ಊಟ. ಸಂತೋಷದ ಭರದಲ್ಲಿ ನಾವೇ ಗೆಳೆಯನನ್ನು ಕೈಹಿಡಿದು ಒಳಗೆ ಕರೆತಂದು ಪಕ್ಕದಲ್ಲಿ ಕೂಡಿಸಿಕೊಂಡೆವು. ಅವನ ಎಲೆಗೆ ಹುಗ್ಗಿ ಬಿದ್ದಿತ್ತು. ಅಷ್ಟರಲ್ಲಿ ಬಡಿಸುವ ಹಿರಿಯರೊಬ್ಬರು ಅವನನ್ನು ಗುರುತಿಸಿ, “ಇವನ್ನ ಒಳಗ ಕರದವ್ರು ಯಾರು?” ಎಂದು ಕೇಳಿದರು. ಗದರಲಿಲ್ಲ, ಹೊಡೆಯಲಿಲ್ಲ, ಕೇಳಿದರು, ಅಷ್ಟೆ. ಗೆಳೆಯ ನಮ್ಮ ಮುಖ ನೋಡಿದ. ನಾವು ಎಲೆಯನ್ನು ನೋಡುತ್ತ ಕುಳಿತೆವು. ಅವನು ತಾನೇ ಎದ್ದು, ಎಲೆಯನ್ನು ಮಡಿಸಿಕೊಂಡು ಹೊರಗೆ ಹೋದ. ಮರುದಿನ ಬೆಳಗಿನ ಗಂಟೆಯಾದಾಗ ಅವನ ಚಾಪೆ ಸುತ್ತಿಟ್ಟಿತ್ತು. ಮತ್ತೆಂದೂ ಅವನು ಪಾಠಶಾಲೆಗೆ ಬರಲಿಲ್ಲ.

ಮುಂದೆ ನಾವು ಕಾವ್ಯ, ವ್ಯಾಕರಣ, ವಚನಶಾಸ್ತ್ರಗಳನ್ನು ಓದಿ ನಾಲ್ಕು ಜನರ ಮುಂದೆ ಮಾತನಾಡುವವರಾದೆವು. ಸಮಾನತೆಯ ಮೇಲೆ ಎಷ್ಟೋ ಉಪನ್ಯಾಸಗಳನ್ನು ಮಾಡಿದೆವು. ಆ ಮಠದಲ್ಲಿಯೂ ಇಂದು ಒಂದೇ ಪಂಕ್ತಿ. ಆದರೆ ಹನುಮನಹಳ್ಳಿಯ ಹೆಸರು ಕಿವಿಗೆ ಬಿದ್ದಾಗಲೆಲ್ಲ ಆ ಮಡಿಸಿದ ಎಲೆ ಕಣ್ಣಮುಂದೆ ಬರುತ್ತಿತ್ತು.

ಊರಿನಲ್ಲಿ ವಿಚಾರಿಸಿದಾಗ ಗೆಳೆಯ ಸುಲಭವಾಗಿಯೇ ಸಿಕ್ಕ. ಹರಿಗೋಲನ್ನು ಬಿಟ್ಟು ಬಹಳ ಕಾಲವಾಗಿತ್ತಂತೆ. ಎರಡು ಎಕರೆ ಗದ್ದೆಯನ್ನು ಲಾವಣಿ ಹಿಡಿದು ಭತ್ತ ಬೆಳೆಯುತ್ತಿದ್ದ. ನಮ್ಮ ಹೆಸರು ಹೇಳಿದೊಡನೆ ಗುರುತು ಹಿಡಿದ. ನಕ್ಕು ಕೈಮುಗಿದ. “ಬರ್ರಿ ಶಾಸ್ತ್ರಿಗಳ” ಎಂದ. ಮಾತೆಲ್ಲ ಬಹುವಚನದಲ್ಲಿಯೇ. ಮಕ್ಕಳು ಬಂದಿರುವ ಸುದ್ದಿ ಕೇಳಿ, “ನಾಳೆ ಸೀಗಿ ಹುಣ್ಣಿವಿ. ಚರಗ ಚೆಲ್ಲಾಕ ಎಲ್ಲಾ ಹುಡುಗರನ್ನೂ ಗದ್ದಿಗೆ ಕರಕೊಂಡು ಬರ್ರಿ” ಎಂದು ಆಹ್ವಾನಿಸಿದ. ಮೂವತ್ತೆಂಟು ಮಕ್ಕಳೆಂದರೆ ಹಿಂಜರಿದಾನೆಂದುಕೊಂಡೆವು. “ಈ ವರ್ಷ ಬೆಳಿ ಬಂದದ್ದs ದೊಡ್ಡದು” ಎಂದ.

ಆ ಮಾತಿಗೆ ಕಾರಣವಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಗಿತ್ತು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ನೀರು ರೈತರ ಕಣ್ಣೆದುರಿಗೇ ಹರಿದುಹೋಗುವುದನ್ನು ಕಂಡು ಈ ಸೀಮೆಯ ಮನೆಗಳಲ್ಲಿ ಹಲವು ದಿನ ನಿದ್ರೆಯಿರಲಿಲ್ಲ. ವಾರದೊಳಗೆ ತಂತ್ರಜ್ಞರು ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಪ್ರವಾಹವನ್ನು ನಿಲ್ಲಿಸಿದರು. ಮುಂದೆ ಬಂದ ಮಳೆಗೆ ಜಲಾಶಯ ಮತ್ತೆ ತುಂಬಿತು. ಆ ವರ್ಷದ ಸೀಗಿ ಹುಣ್ಣಿಮೆ ಅವರಿಗೆ ಬರಿಯ ಹಬ್ಬವಾಗಿರಲಿಲ್ಲ.

ಸೀಗಿ ಹುಣ್ಣಿಮೆಯ ಆಚರಣೆಯನ್ನು ಪಟ್ಟಣದ ಮಕ್ಕಳಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ತೆನೆಗಟ್ಟುವ ಪೈರನ್ನು ನಮ್ಮ ರೈತರು ಬಸುರಿಯಾದ ಮಗಳೆಂದು ಭಾವಿಸುತ್ತಾರೆ. ಬಸುರಿಗೆ ಬಯಕೆಯ ಊಟ ಮಾಡಿಸುವಂತೆ ಹೊಲಕ್ಕೆ ಕಡುಬು, ಹೋಳಿಗೆ, ರೊಟ್ಟಿ, ಪುಂಡಿಪಲ್ಯ, ಬುತ್ತಿಯನ್ನು ಒಯ್ದು, ಭೂಮಿತಾಯಿಗೆ ಪೂಜೆ ಮಾಡಿ, ಎಡೆಯನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದೇ ಚರಗ. ಅನಂತರ ಬದುವಿನ ಮೇಲೆ ಕುಳಿತು ಊಟ. ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುವುದು ವಾಡಿಕೆ. ಮೊದಲು ಮಣ್ಣಿಗೆ, ಆಮೇಲೆ ಹಕ್ಕಿಪಕ್ಕಿಗೆ, ಆಮೇಲೆ ಬಂದವರಿಗೆ, ಕಡೆಯಲ್ಲಿ ತನಗೆ. ದಾಸೋಹದ ತತ್ತ್ವವನ್ನು ಓದು ಬಾರದವರು ಹೀಗೆ ಕಾಪಾಡಿಕೊಂಡು ಬಂದಿದ್ದಾರೆ.

ಅಕ್ಟೋಬರ್ 17ರ ಮಧ್ಯಾಹ್ನ ನಾವೆಲ್ಲ ಗದ್ದೆಗೆ ಹೋದೆವು. ಮೋಡ ಕವಿದಿತ್ತು. ಗೆಳೆಯನ ಮನೆಯವರು, ಸೊಸೆ, ಇಬ್ಬರು ಮೊಮ್ಮಕ್ಕಳು ಬುಟ್ಟಿಗಳನ್ನು ಹೊತ್ತು ತಂದಿದ್ದರು. ಮಕ್ಕಳು ಚರಗ ಚೆಲ್ಲುತ್ತ ಬದುವಿನುದ್ದಕ್ಕೂ ಓಡಿದರು. ಕಾಲುವೆಯ ಪಕ್ಕದ ಬಯಲಿನಲ್ಲಿ ಬಾಳೆಲೆ ಹಾಸಿ ಎಲ್ಲರೂ ಸಾಲಾಗಿ ಕುಳಿತರು. ಅಲ್ಲಿಂದ ಹತ್ತು ಮಾರು ದೂರದಲ್ಲಿ, ಮರದ ನೆರಳಿನಲ್ಲಿ, ಹೊಸ ಕಂಬಳಿ ಹಾಸಿ ನಮಗೊಬ್ಬರಿಗೇ ಎಲೆಯಿಟ್ಟಿದ್ದರು. ಗೆಳೆಯನೇ ಇಡಿಸಿದ್ದ. ಗೌರವದಿಂದ ಮಾಡಿದ ಏರ್ಪಾಡು. ನಾವೂ ಅಭ್ಯಾಸಬಲದಿಂದ ಹೋಗಿ ಕುಳಿತೇಬಿಟ್ಟೆವು.

ಆಗ ಕಾಲು ನೋವಿನ ಆ ಸಣ್ಣ ಹುಡುಗ ಸಾಲಿನಿಂದಲೇ ಕೂಗಿ ಕೇಳಿದ: “ಅಜ್ಜಾರ, ನೀವ್ಯಾಕ ಬ್ಯಾರೆ ಕುಂತೀರಿ?”

ಮಾಸ್ತರರು ಹುಡುಗನನ್ನು ಸುಮ್ಮನಿರಿಸಲು ನೋಡಿದರು. ಗೆಳೆಯ ಬುಟ್ಟಿ ಹಿಡಿದು ನಿಂತಿದ್ದ. ಐವತ್ತೆರಡು ವರ್ಷಗಳ ಹಿಂದೆ ಒಬ್ಬರು ಪ್ರಶ್ನೆ ಕೇಳಿದಾಗ ನಾವು ಎಲೆಯನ್ನು ನೋಡುತ್ತ ಕುಳಿತಿದ್ದೆವು. ಈ ಸಲ ಎಲೆಯನ್ನೆತ್ತಿಕೊಂಡು ಎದ್ದೆವು. ಹುಡುಗನ ಪಕ್ಕಕ್ಕೆ ಬಂದು ಕುಳಿತೆವು. ಮಕ್ಕಳು ನಕ್ಕರು, ಅವರಿಗೆ ಅದು ಅಷ್ಟೇ ಸಣ್ಣ ಸಂಗತಿ. ಊಟಕ್ಕೆ ಮುಂಚೆ ಎಂದಿನಂತೆ ಎಲ್ಲರೂ ಒಂದು ನಿಮಿಷ ಮೌನವಾದರು. ನೀರಿನ ಸದ್ದು ಕೇಳುತ್ತಿತ್ತು. ಕ್ವೇಕರರ ಮೌನವನ್ನು ಹಿಂದಿನ ಸಂಜೆ ನಾವು ಬಹಳವಾಗಿ ಹೊಗಳಿದ್ದೆವು. ಮೌನದಲ್ಲಿಯೂ ಎರಡು ಬಗೆಯಿದೆಯೆಂಬುದನ್ನು ಮಕ್ಕಳಿಗೆ ಹೇಳಿರಲಿಲ್ಲ. ಒಳಗಿನ ಬೆಳಕನ್ನು ಕಾಯುವ ಮೌನ ಒಂದು. ಬಾಯಿ ತೆರೆಯಬೇಕಾದಲ್ಲಿ ತೆರೆಯದೆ ಉಳಿದ ಮೌನ ಇನ್ನೊಂದು.

ಊಟವಾದ ಮೇಲೆ ಮಕ್ಕಳು ಎಲೆ ತೆಗೆದರು. ಗೆಳೆಯನೂ ನಾವೂ ಕಾಲುವೆಯ ಏರಿಯ ಮೇಲೆ ಕುಳಿತೆವು. ಹೇಳಬೇಕಾದುದನ್ನು ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ಆವಾಗ ನಾವಿಬ್ರೂ ಸಣ್ಣವ್ರಿದ್ವಿ. ನಿಮ್ಮ ಕೈಯಾಗರ ಏನಿತ್ತು?” ಎಂದ. ನಮಗೆ ಹಗುರಾಯಿತು. ಆದರೆ ಅವನ ಮಾತು ಮುಗಿದಿರಲಿಲ್ಲ. “ಆದ್ರ ದೊಡ್ಡವ್ರಾದ ಮ್ಯಾಲೆ ಒಂದು ಪತ್ರಾ ಬರಿಬಹುದಿತ್ತು. ನಮ್ಮಪ್ಪ ಸಾಯೋತನಕ ಕೇಳ್ತಿದ್ದ, ಏನು ತಪ್ಪು ಮಾಡಿ ಬಂದಿ ಅಂತ. ನಾನು ಏನು ಹೇಳಿದ್ರೂ ನಂಬಲಿಲ್ಲ.”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ವಿದ್ಯೆ ಕೈತಪ್ಪಿದ ದುಃಖವನ್ನಷ್ಟೇ ನಾವು ಊಹಿಸಿದ್ದೆವು. ತಪ್ಪು ಮಾಡದ ಮಗನನ್ನು ತಂದೆ ತಪ್ಪಿತಸ್ಥನೆಂದೇ ತಿಳಿದು ಕಣ್ಣುಮುಚ್ಚಿದ್ದನ್ನು ಊಹಿಸಿರಲಿಲ್ಲ. ಒಂದು ಕಾಗದ ಆ ಅಂಬಿಗನಿಗೆ ಸಮಾಧಾನ ಕೊಡಬಹುದಾಗಿತ್ತು. ಊರೂರಿಗೆ ಅಭಿನಂದನ ಪತ್ರಗಳನ್ನು ಬರೆದುಕೊಟ್ಟ ಕೈ ನಮ್ಮದು.

ಮೋಡ ಸರಿದು ಗುಂಡುಗಳ ಹಿಂದಿನಿಂದ ಹುಣ್ಣಿಮೆಯ ಚಂದ್ರ ಕಾಣಿಸಿಕೊಂಡಾಗ ಮಕ್ಕಳು ಹೊರಡಲು ಸಿದ್ಧರಾದರು. ಗೆಳೆಯ ಮಾಸ್ತರರನ್ನು ಕರೆದು ಮೊಮ್ಮಗನೊಬ್ಬನನ್ನು ತೋರಿಸಿ, ಬರುವ ವರ್ಷ ನಿಲಯದಲ್ಲಿ ಜಾಗ ಸಿಗುತ್ತದೆಯೇ ಎಂದು ಕೇಳಿದ. ಸಿಗುತ್ತದೆಂದು ಅವರು ಹೇಳಿದರು. “ಎಲ್ಲಾರೂ ಒಂದs ಸಾಲಿನ್ಯಾಗ ಕುಂದರೂದು ನಾ ಕಣ್ಣಿಲೆ ನೋಡೀನಿ, ಅದಕ್ಕ ಕೇಳಿದೆ” ಎಂದ. ಬಿಡುವಾಗ ನಮ್ಮ ಹೆಗಲ ಮೇಲೆ ಕೈಯಿಟ್ಟು, “ಹುಷಾರಾಗಿ ಹೋಗು, ಕಾಲುವಿ ದಂಡಿ ಜಾರತದ” ಎಂದ. ಅಂದು ಅವನು ನಮ್ಮನ್ನು ಏಕವಚನದಲ್ಲಿ ಕರೆದುದು ಅದೊಂದೇ ಸಲ.

ಹಿಂದಿರುಗುವ ದಾರಿಯಲ್ಲಿ ಮಕ್ಕಳಿಗೆ ಕೊಪ್ಪಳದ ಗವಿಮಠದ ಬೆಟ್ಟವನ್ನು ತೋರಿಸಿದೆವು. 1931ರಲ್ಲಿ ಅಲ್ಲಿಯೂ ಸಮೀಪದ ಪಾಲ್ಕಿಗುಂಡುವಿನಲ್ಲಿಯೂ ಅಶೋಕನ ಶಾಸನಗಳು ಬೆಳಕಿಗೆ ಬಂದವು. ದೊಡ್ಡವರಿಗೆ ಮಾತ್ರವಲ್ಲ, ಶ್ರದ್ಧೆಯಿಂದ ಯತ್ನಿಸಿದರೆ ಚಿಕ್ಕವರಿಗೂ ಸ್ವರ್ಗ ಸಾಧ್ಯ ಎಂಬುದು ಗವಿಮಠದ ಶಾಸನದ ಸಾರ. ಆ ಮಾತನ್ನು ಬಂಡೆಯಲ್ಲಿ ಕೆತ್ತಿ ಎರಡು ಸಾವಿರದ ಇನ್ನೂರು ವರ್ಷಗಳಾದವು. ಅಶೋಕ ಹೇಳಿದ, ಶರಣರು ಹೇಳಿದರು, ದೂರದ ದೇಶದಲ್ಲಿ ಫಾಕ್ಸ್ ಹೇಳಿದ. ಪ್ರತಿ ತಲೆಮಾರೂ ಅದನ್ನು ಊಟದ ಸಾಲಿನಲ್ಲಿ ಹೊಸದಾಗಿ ಕಲಿಯಬೇಕಾಗುತ್ತದೆ. ಅದಕ್ಕಾಗಿಯೇ ಇಂತಹ ಸಣ್ಣ ನಿಲಯಗಳು ಉಳಿಯಬೇಕು.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಹುಟ್ಟಿದ ದಿನ, ಪುಣ್ಯತಿಥಿಗಳ ನಿಮಿತ್ತ ನೀವು ಪ್ರಸಾದ ನಿಲಯಗಳಿಗೆ ಅಕ್ಕಿಬೇಳೆ ಕೊಡುತ್ತೀರಿ, ಒಳ್ಳೆಯದು. ಕೊಟ್ಟು ಹಿಂದಿರುಗಬೇಡಿ. ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಮಕ್ಕಳ ಸಾಲಿನಲ್ಲಿಯೇ ಕುಳಿತು ಉಣ್ಣಿರಿ. ಎದ್ದ ಮೇಲೆ ನಿಮ್ಮ ತಟ್ಟೆಯನ್ನು ನೀವೇ ತೊಳೆಯಿರಿ. ಹಾಗೆಯೇ, ಯಾರಿಗಾದರೂ ಬರೆಯಬೇಕಾದ ಕಾಗದವೊಂದು ಬಾಕಿ ಉಳಿದಿದ್ದರೆ ಇಂದೇ ಬರೆಯಿರಿ. ನಮ್ಮದು ಹನುಮನಹಳ್ಳಿಯ ಹರಿಗೋಲಿನವನಿಗೆ ಮುಟ್ಟುವಂತಿಲ್ಲ. ಅವನ ಮಗ ತಪ್ಪು ಮಾಡಿರಲಿಲ್ಲ, ಕರೆದವರು ನಾವು ಎಂದು ಇಲ್ಲಿಯಾದರೂ ಬರೆದಿಡುತ್ತೇವೆ.